ಓರೆಕೊಕ್ಕಿನ ಗಿರಾಕಿ

ನಮ್ಮ ಮಾವ ತಮ್ಮ ಜೀವಮಾನದಲ್ಲಿ ಒಬ್ಬನೇ ಒಬ್ಬ ಗಿರಾಕಿಗೆ ಸೋತಿದ್ದಾರೆ. ಆ ಗಿರಾಕಿಗೆ ರೆಕ್ಕೆ ಇತ್ತು!

ಉಳಿದವರೆಲ್ಲ ರೆಕ್ಕೆಯಿಲ್ಲದ ಪಾಪದ ಜನ. ಮಾವನ ಕೈಗೆ ಒಮ್ಮೆ ಸಿಕ್ಕಿದರೆ ಬಟ್ಟಲು ಖಾಲಿಯಾಗುವವರೆಗೆ ಅವರಿಗೆ ಬಿಡುಗಡೆ ಇಲ್ಲ. ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ವಂಡ್ಸೆ ಕಡೆಗೆ ತಿರುಗಿದರೆ ಸ್ವಲ್ಪ ದೂರದಲ್ಲೇ ಅವರ ಮೀನೂಟದ ಹೋಟೆಲ್. ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ನೀವು ಹೋಗುತ್ತೀರಿ, ಹೋದರೆ ಉಣ್ಣುತ್ತೀರಿ, ಉಂಡರೆ ಬಟ್ಟಲಲ್ಲಿ ಏನಾದರೂ ಬಿಡುತ್ತೀರಿ, ಬಿಟ್ಟರೆ ಬೈಸಿಕೊಳ್ಳುತ್ತೀರಿ, ಆಮೇಲೆ ಸಿಟ್ಟೆಲ್ಲ ನನ್ನ ಮೇಲೆ. ಯಾಕೆ ಬೇಕು ಆ ಉಸಾಬರಿ?

ಮಾವ ಎಂದರೆ ನನ್ನ ಅಮ್ಮನ ತಮ್ಮ. ಎಳೆ ಪ್ರಾಯದಲ್ಲೇ ಮುಂಬಯಿಗೆ ಹೋಗಿ, ಅಲ್ಲಿಯ ಹೋಟೆಲುಗಳಲ್ಲಿ ಲೋಟ ತೊಳೆಯುವಲ್ಲಿಂದ ಗಲ್ಲಾದ ಮೇಲೆ ಕೂರುವವರೆಗೆ ಎಲ್ಲ ಕೆಲಸ ಮಾಡಿ, ಕಡೆಗೆ ನಮ್ಮೂರಿನವರೂ ಸ್ವಲ್ಪ ಉಣ್ಣಲಿ ಎಂದು ತಿರುಗಿ ಬಂದವರು. ಬರುವಾಗ ಅವರು ತಂದದ್ದು ಎರಡೇ: ಒಂದು ದೊಡ್ಡ ತವಾ, ಇನ್ನೊಂದು ಅದಕ್ಕಿಂತ ದೊಡ್ಡ ಹಠ. ಬೇರೆ ಹೋಟೆಲಿನವರು ಗಿರಾಕಿಯ ಕೈ ನೋಡುತ್ತಾರೆ, ಕಿಸೆಯ ಕಡೆಗೆ ಹೋಗುತ್ತದೋ ಇಲ್ಲವೋ ಎಂದು. ನಮ್ಮ ಮಾವ ನೋಡುವುದು ಬಾಯಿ. ಬಾಯಿ ಆಡುತ್ತಿದ್ದರೆ ಲೋಕ ಕ್ಷೇಮ. ನಿಂತಿತೋ, ಹೆಗಲಿನ ಬೈರಾಸು, ನಿಮ್ಮ ಭಾಷೆಯ ಟವೆಲು, ಸರಿಮಾಡಿಕೊಂಡು ಎದ್ದು ಬಂದರೆಂದೇ ಲೆಕ್ಕ!

ಕೊಲ್ಲೂರಿಗೆ ಹೋಗುವಾಗ ಬರೀ ನೀರು ಕುಡಿದು ಹೋದವರೆಲ್ಲ ಬರುವಾಗ ನಮ್ಮಲ್ಲಿ ಬಂಗುಡೆ ಕೇಳುವುದುಂಟು. ಹಾಗೆ ಬಂದ ಕಾರಿನವರೊಬ್ಬರು ಒಮ್ಮೆ ಅರ್ಧ ಮೀನು ಬಿಟ್ಟು ಎದ್ದರು. ಮಾವ ಅವರ ಭುಜದ ಮೇಲೆ ಕೈಯಿಟ್ಟರು.

“ಎಂತ ಮರಾಯ್ರೆ, ಉಪ್ಪ್ ಕಮ್ಮಿ ಆಯ್ತಾ?”

“ಇಲ್ಲ ಸಾರ್, ಹೊಟ್ಟೆ ತುಂಬಿತು.”

“ಹೊಟ್ಟಿ ತುಂಬುದಾ? ಕೆನ್ನಿ ಬದಿ ಮಾಂಸ ಹಾಂಗೇ ಇತ್ತಲೆ! ಕೂಕಣಿ, ಕೂಕಣಿ. ಹ್ಯಾಂಗ್ ತಿಂಬುದ್ ಅಂದ್ಹೇಳಿ ನಾನ್ ತೋರ್ಸ್ತೆ.”

ಒಳಗಿನಿಂದ ಅತ್ತೆಯ ದನಿ ಬಂತು: “ಹ್ವಾಯ್! ಅವ್ರ್ ಉಂಬುಕೆ ಬಂದದ್ದಾ, ಪರೀಕ್ಷೆ ಬರುಕೆ ಬಂದದ್ದಾ? ಬಿಡಿ ಕಾಂಬ!”

ಇನ್ನೊಂದು ಸಲ ಹೊಸದಾಗಿ ಮದುವೆಯಾದ ಜೋಡಿ ಬಂದಿತ್ತು. ಹುಡುಗಿ ನಾಚಿಕೆಯಿಂದ ಅಗುಳು ಅಗುಳಾಗಿ ಹೆಕ್ಕುತ್ತಿದ್ದಳು. ಮಾವನಿಗೆ ತಡೆಯಲಾಗಲಿಲ್ಲ. ಗಂಡನ ಹತ್ತಿರ ಹೋಗಿ, “ಇವ್ರನ್ನ ಆ ಬದಿ ತಿರ್ಗ್ಸಿ ಕೂರ್ಸಿ ಮರಾಯ್ರೆ, ನಿಮ್ಮ್ ಮೋರಿ ಕಾಂತಾ ಅವ್ರಿಗೆ ಉಂಬುಕಾತಿಲ್ಲೆ” ಅಂದೇಬಿಟ್ಟರು. ಹುಡುಗಿ ನಿಜವಾಗಿಯೂ ಗೋಡೆಯ ಕಡೆ ತಿರುಗಿ ಕುಳಿತಳು. ಇನ್ನೊಂದು ಬಂಗುಡೆಯನ್ನೂ ಹಾಕಿಸಿಕೊಂಡಳು. ಆ ಗಂಡ ಮತ್ತೆ ನಮ್ಮ ಹೋಟೆಲಿಗೆ ಕಾಲಿಟ್ಟಿಲ್ಲ. ಹೆಂಡತಿ ಮಾತ್ರ ತಪ್ಪದೆ ಬರುತ್ತಾಳೆ!

ನನಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳುತ್ತೀರಾ? ನಾನು ಕುಂದಾಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದೇನೆ. ಅದು ಹೊಟ್ಟೆಪಾಡು. ನಿಜವಾದ ಕಸುಬು ಮಿಮಿಕ್ರಿ. ಕಂಡಕ್ಟರು, ಮೀನು ಏಲಂ ಕೂಗುವವರು, ಮದುವೆ ಮನೆಯಲ್ಲಿ ಮೈಕು ಸಿಕ್ಕಿದರೆ ಬಿಡದ ಹಿರಿಯರು, ಹೀಗೆ ಯಾರನ್ನೂ ನಾನು ಬಿಟ್ಟಿಲ್ಲ. ನನ್ನನ್ನೂ ಬಿಟ್ಟಿಲ್ಲ. ನನ್ನ ಮೂಗಿನ ವಿಷಯ ನಾನೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆಯವರು ಹೇಳುತ್ತಾರೆ. ನಾನು ಬಸ್ಸು ಹತ್ತಿದರೆ ಕಂಡಕ್ಟರು ಮೊದಲು ಮೂಗಿಗೊಂದು ಟಿಕೆಟ್ ಹರಿದು ಆಮೇಲೆ ನನ್ನನ್ನು ಹುಡುಕುತ್ತಾನೆ. ಇಂಥ ನನಗೆ ಮಾವನಿಗಿಂತ ಒಳ್ಳೆಯ ಸರಕು ಎಲ್ಲಿ ಸಿಗಬೇಕು? ಮಧ್ಯಾಹ್ನವಾಯಿತೆಂದರೆ ನನ್ನ ಬೈಕು ತನ್ನಷ್ಟಕ್ಕೆ ಹೆಮ್ಮಾಡಿ ಕಡೆಗೆ ತಿರುಗುತ್ತದೆ. ಊಟಕ್ಕೆ ಊಟವೂ ಆಯಿತು, ಅಭ್ಯಾಸಕ್ಕೆ ಅಭ್ಯಾಸವೂ ಆಯಿತು.

ಇಂಥ ಹೋಟೆಲಿನ ಹಿತ್ತಿಲಿಗೆ ಒಂದು ದಿನ ಗರುಡ ಬಂತು.

ಹಿತ್ತಿಲಿನಲ್ಲಿ ಬಾವಿಕಟ್ಟೆ, ಅದರ ಪಕ್ಕ ಅತ್ತೆ ಮೀನು ಕೊಯ್ಯುವ ಕಲ್ಲು, ಆಚೆಗೆ ನಾಲ್ಕಾರು ತೆಂಗಿನಮರ, ಅದರಾಚೆ ಹೊಳೆ. ಅತ್ತೆ ಕತ್ತಿ ಹಿಡಿದು ಕುಳಿತರೆ ಕಾಗೆ, ಬೆಕ್ಕು, ಬೆಳ್ಳಕ್ಕಿಗಳ ಸಭೆ ಸೇರುತ್ತದೆ. ಆ ಸಭೆಗೆ ಕೆಂಪು ಮೈಯ, ಬಿಳಿ ತಲೆಯ ಗರುಡ ಹೊಸ ಸದಸ್ಯ. ನಮ್ಮ ಕಡೆ ಗರುಡ ಆಕಾಶದಲ್ಲಿ ಕಂಡರೆ ಕಣ್ಣು ಮುಚ್ಚಿ, ಕೆನ್ನೆ ಮುಟ್ಟಿಕೊಂಡು ಕೈಮುಗಿಯುತ್ತಾರೆ. ಅದೇ ಗರುಡ ಕೆಳಗಿಳಿದು ಅಂಗಳದ ಮೀನು ಎತ್ತಿದರೆ ಅದೇ ಕೈಯಲ್ಲಿ ಕಲ್ಲು! ಮಾವ ಕಲ್ಲು ಎತ್ತಲಿಲ್ಲ. ತೆಂಗಿನ ಸೋಗೆಯ ಹೆಡೆಯ ಮೇಲೆ ಬೈಗೆ ಮೀನನ್ನು ಕಾಲಲ್ಲಿ ಒತ್ತಿ ಹಿಡಿದು ಕುಳಿತ ಗರುಡನನ್ನೇ ನೋಡುತ್ತ ನಿಂತರು, ಹೊಸ ಗಿರಾಕಿಯನ್ನು ನೋಡುವ ಹಾಗೆ. ಗರುಡ ಬಗ್ಗಿತು. ಕೊಕ್ಕು ಹಾಕಿತು. ತಲೆ ಓರೆ ಮಾಡಿತು. ಮತ್ತೆ ಬಗ್ಗಿತು. ಕಡೆಗೆ ಮೀನನ್ನು ಕೈಬಿಟ್ಟಿತು. ಇಡೀ ಬೈಗೆ, ಒಂದು ಚೂರೂ ಕಡಿಮೆಯಾಗದೆ, ಮಾವನ ಕಾಲ ಬುಡದಲ್ಲಿ ಬಿತ್ತು.

ಮಾವನ ಮುಖ ನೋಡಬೇಕಿತ್ತು! ಬಟ್ಟಲಲ್ಲಿ ಅರ್ಧ ಬಿಟ್ಟವರನ್ನು ಅವರು ಕಂಡಿದ್ದರು. ಪೂರ್ತಿ ಬಿಟ್ಟು, ಅದನ್ನು ಮಾಲೀಕನ ಕಾಲಬುಡಕ್ಕೇ ಎಸೆದ ಗಿರಾಕಿ ಇದೇ ಮೊದಲು.

“ಹೆಣೇ, ಮೀನ್ ಹಳ್ತಾ?” ಎಂದು ಅತ್ತೆಯನ್ನು ಮೆಲ್ಲಗೆ ಕೇಳಿದರು.

ಅತ್ತೆ ಕತ್ತಿ ಎತ್ತಿಕೊಂಡೇ ತಿರುಗಿದರು. “ಎಂತ ಅಂದ್ರಿ?”

“ಅಲ್ಲ, ಗರುಡ ತಿಂತಿಲ್ಲೆ...”

“ಗರುಡ ತಿಂತಿಲ್ಲೆ ಅಂದ್ರೆ ನನ್ನ್ ಕೇಂತ್ರ್ಯಾ? ಅದ್ರ್ ಹತ್ರ ಕೇಣಿ!”

ಮಾವ ಅದರ ಹತ್ತಿರವೇ ಕೇಳಿದರು. ಹೋಟೆಲಿನವರಿಗೆ ಕೇಳುವ ಕ್ರಮ ಒಂದೇ, ಬೇರೆ ಐಟಂ ತಂದಿಡುವುದು. ಬೈಗೆ ಆಗಲಿಲ್ಲವೇ, ಬಂಗುಡೆ ಇಟ್ಟರು. ಬಂಗುಡೆ ಆಗಲಿಲ್ಲವೇ, ನಂಗು ಇಟ್ಟರು. ಕಡೆಗೊಂದು ದಿನ ಎಲ್ಲಕ್ಕಿಂತ ದುಬಾರಿಯ ಕಾಣೆ ಮೀನು ಇಟ್ಟರು. ಕಾಣೆ, ಸ್ವಾಮೀ! ಸ್ವಂತ ಅಕ್ಕನ ಮಗನಾದ ನನಗೆ ಬಾಲದ ತುಂಡು ಹಾಕಿ “ಇದ್ರಲ್ಲೇ ರುಚಿ ಇಪ್ಪುದ್ ಮಗಾ” ಎಂದು ಸಮಾಧಾನ ಹೇಳುವ ಮನುಷ್ಯ, ಗರುಡನಿಗೆ ಇಡೀ ಕಾಣೆ ಇಟ್ಟು ಹಿಂದೆ ಸರಿದು ಕೈಕಟ್ಟಿ ನಿಂತರು. ಗರುಡ ಅದನ್ನೂ ಎತ್ತಿತು, ಒದ್ದಾಡಿತು, ಬಿಟ್ಟಿತು. ಬೆಕ್ಕಿಗೆ ಮಾತ್ರ ಆ ವಾರ ಹಬ್ಬ.

“ತಾಜಾ ಸಾಲ್ತಿಲ್ಲೆ” ಎಂದು ಮಾವ ತೀರ್ಮಾನಿಸಿದರು. ಮರುದಿನ ಬೆಳಕು ಹರಿಯುವ ಮೊದಲೇ ನನ್ನ ಬೈಕಿನ ಹಿಂದೆ ಕುಳಿತು ಬೀಜಾಡಿ ಕಡಲಿಗೆ ಹೊರಟರು. ಅಲ್ಲಿ ಕೈರಂಪಣಿಯವರು ಬಲೆಯನ್ನು ದಡಕ್ಕೆ ಎಳೆಯುತ್ತಿದ್ದರು. ಬಲೆಯಲ್ಲಿ ಮೀನು ಇನ್ನೂ ಕುಣಿಯುತ್ತಿತ್ತು. ಮಾವ ಸೊಂಟ ಬಗ್ಗಿಸಿ ಒಂದೊಂದನ್ನೇ ಎತ್ತಿ ಕಣ್ಣು, ಕಿವಿರು ನೋಡತೊಡಗಿದರು.

ಬಲೆಯ ಯಜಮಾನರು ನಕ್ಕರು. “ಎಂತ ಹ್ವಾಯ್, ಹೆಣ್ಣ್ ಕಾಂಬುಕೆ ಬಂದದ್ದಾ? ಎಷ್ಟ್ ಜನಕ್ಕೆ ಊಟ?”

“ಒಬ್ರೇ ಗಿರಾಕಿ.”

“ಒಬ್ರಿಗಾ! ಯಾರ್ ಹಾಂಗಾರೆ, ದೊಡ್ಡ್ ಜನವಾ?”

“ಭಾರಿ ದೊಡ್ಡ್ ಜನ.”

“ಎಮ್ಮೆಲ್ಲೆಯಾ?”

“ಅವ್ರಿಂದ ಮೇಲೆ.”

ಯಜಮಾನರು ಗಂಭೀರರಾಗಿ, ತಾವೇ ಹೆಕ್ಕಿ ಒಳ್ಳೆಯ ಮೀನು ಕೊಟ್ಟರು. ಎಮ್ಮೆಲ್ಲೆಗಿಂತ ಮೇಲಿನವರು ಹೆಮ್ಮಾಡಿಗೆ ಬರುತ್ತಿದ್ದಾರೆ ಎಂಬ ಸುದ್ದಿ ಮಧ್ಯಾಹ್ನದೊಳಗೆ ಕೋಟೇಶ್ವರ ದಾಟಿತ್ತಂತೆ. ಮೇಲಿನವರು ಆ ಮೀನನ್ನೂ ಕೆಳಗೆ ಹಾಕಿದರು!

ಇಷ್ಟಾಗುವಾಗ ಹೋಟೆಲಿನ ಒಳಗೆ ಬೇರೆಯೇ ಕತೆ ಶುರುವಾಗಿತ್ತು. ನಮ್ಮಲ್ಲಿ ದಿನಾ ಉಣ್ಣುವ ರಿಕ್ಷಾ ಸುಬ್ಬಣ್ಣ ಕೈತೊಳೆಯಲು ಹಿತ್ತಿಲಿಗೆ ಹೋದವನು ಗರುಡ ಮೀನು ಬಿಡುವುದನ್ನು ಕಂಡ. ಒಳಗೆ ಬಂದವನೇ ಬಟ್ಟಲನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದ.

“ನಂಗ್ ಒಂದ್ ಆಮ್ಲೆಟ್ ಸಾಕ್ ಮರಾಯ್ರೆ.”

“ಮೀನಿಗೆ ಎಂತ ಆಯ್ತ್ ಸುಬ್ಬಣ್ಣ?”

“ಮೀನಿಗೆ ಎಂತದೂ ಆಯ್ಲಿಲ್ಲೆ. ಆದ್ರೆ ದೇವ್ರ್ ಬ್ಯಾಡ ಅಂದ್ ಬಿಟ್ಟದ್ದನ್ನ್ ನಾವ್ ತಿಂಬುದಾ?”

ಮುಗಿಯಿತು! ರಿಕ್ಷಾ ಸುಬ್ಬಣ್ಣನ ಬಾಯಿಗೆ ಬಿದ್ದ ಸುದ್ದಿ ರಿಕ್ಷಾಕ್ಕಿಂತ ವೇಗವಾಗಿ ಓಡುತ್ತದೆ. ಗರುಡ ಮುಟ್ಟದ ಮೀನು ಎಂದು ಹೆಮ್ಮಾಡಿಯಿಂದ ವಂಡ್ಸೆಯವರೆಗೆ ಮಾತಾಯಿತು. ದೋಷ ಇದೆ ಅಂದರು, ಜೋಯಿಸರಲ್ಲಿ ಕೇಳಿಸಬೇಕು ಅಂದರು. ಬಂದ ನಾಲ್ಕು ಜನವೂ ಮೊದಲು ಹಿತ್ತಿಲಿಗೆ ಹೋಗಿ, ಗರುಡನಿಗೆ ಕೈಮುಗಿದು, ಅದು ತಿನ್ನುತ್ತದೋ ಎಂದು ಕಾದು, ಆಮೇಲೆ ಸಾರನ್ನ ಕೇಳಿದರು. ಮೀನೂಟದ ಹೋಟೆಲಿನಲ್ಲಿ ಸಾರನ್ನ! ಮುಂಬಯಿಯಿಂದ ಬಂದ ತವಾ ಮೂಲೆಯಲ್ಲಿ ತಣ್ಣಗೆ ಕುಳಿತಿತ್ತು.

ತಪ್ಪಿದ್ದದ್ದು ಗರುಡನ ಕೊಕ್ಕಿನಲ್ಲಿ. ಅದು ಇಷ್ಟು ದಿನ ಯಾರಿಗೂ ಯಾಕೆ ಗೊತ್ತಾಗಲಿಲ್ಲ ಎಂದರೆ, ಕಾರಣ ಸುಲಭ. ನೋಡಿದವರೆಲ್ಲ ಕೈಮುಗಿಯುತ್ತಿದ್ದರು. ಕೈಮುಗಿದವರೆಲ್ಲ ಕಣ್ಣು ಮುಚ್ಚುತ್ತಿದ್ದರು. ಕಣ್ಣು ಮುಚ್ಚಿದವರಿಗೆ ಕೊಕ್ಕು ಕಾಣುವುದು ಹೇಗೆ? ಮಾವನೋ, ಮೊದಲ ಮೀನು ಕಾಲಬುಡಕ್ಕೆ ಬಿದ್ದಂದಿನಿಂದ ಬರೀ ಮೀನನ್ನೇ ನೋಡುತ್ತಿದ್ದರು. ಉಳಿದವನು ನಾನು. ನನಗೆ ಗರುಡನ ನಡಿಗೆಯನ್ನು ಅಣಕಿಸಿ ಒಂದು ವಿಡಿಯೋ ಮಾಡುವ ಆಸೆ. ಅದಕ್ಕೆಂದು ಮೊಬೈಲಿನಲ್ಲಿ ಹತ್ತಿರ ಮಾಡಿ ಫೋಟೋ ತೆಗೆದೆ. ತೆಗೆದದ್ದನ್ನು ದೊಡ್ಡದು ಮಾಡಿ ನೋಡಿದರೆ ನಗೆ ಬರಲಿಲ್ಲ. ಮೇಲಿನ ಕೊಕ್ಕು ಬೇಕಾದ್ದಕ್ಕಿಂತ ಉದ್ದ ಬೆಳೆದು ಬಲಕ್ಕೆ ಬಾಗಿತ್ತು. ಕೆಳಗಿನದು ಎಡಕ್ಕೆ ಹೊರಟಿತ್ತು. ಮೊಳೆ ಸಡಿಲವಾದ ಕತ್ತರಿಯ ಹಾಗೆ ಎರಡೂ ಒಂದನ್ನೊಂದು ದಾಟಿ ನಿಂತಿದ್ದವು.

ಮಾವ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ಅಯ್ಯೋ ದೇವ್ರೇ, ಇದ್ರ್ ಬಾಯೇ ಕೂಡುದಿಲ್ಯಲ ಮಗಾ! ಇದ್ ತಿಂಬುದ್ ಹ್ಯಾಂಗೆ?” ಅಂದರು. ಮರುಗಳಿಗೆಯಲ್ಲೇ ಮುಖ ಅರಳಿತು. “ಹಾಂಗಾರೆ ಮೀನ್ ಸರಿ ಇತ್ತ್!”

ಹೋಟೆಲಿನವರ ಮನಸ್ಸು, ಏನು ಮಾಡುವುದು?

ಆ ಫೋಟೋ ಸಂಜೆಯೊಳಗೆ ದೊಡ್ಡದಾಗಿ ಪ್ರಿಂಟಾಗಿ, ಪ್ಲಾಸ್ಟಿಕ್ ಹೊದಿಕೆ ಹಾಕಿಸಿಕೊಂಡು ಗಲ್ಲಾದ ಹಿಂದಿನ ಗೋಡೆ ಏರಿತು. ಬಂದವರಿಗೆಲ್ಲ ಮಾವ ಕೋಲು ಹಿಡಿದು ತೋರಿಸುತ್ತಿದ್ದರು. “ಕಾಣಿ. ಸಮಾ ಕಾಣಿ. ತಪ್ಪ್ ಮೀನಿಂದಲ್ಲ.” ಸುಬ್ಬಣ್ಣ ಕಣ್ಣುಬಿಟ್ಟು ನೋಡಿ, “ಪಾಪ” ಅಂದು ಬಂಗುಡೆ ಹಾಕಿಸಿಕೊಂಡ. ದೋಷ ಪರಿಹಾರಕ್ಕೆ ಅಷ್ಟು ಸಾಕಾಯಿತು.

ಆದರೆ ಮಾವನಿಗೆ ಸಾಕಾಗಲಿಲ್ಲ. ಬಾಯಿ ಕೂಡದ ಗಿರಾಕಿ ಹಸಿದು ಕುಳಿತಿದೆ ಎಂದು ಗೊತ್ತಾದ ಮೇಲೆ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮೀನನ್ನು ಸಣ್ಣ ಸಣ್ಣ ತುಂಡು ಮಾಡಿ ಬಾವಿಕಟ್ಟೆಯ ಮೇಲೆ ಬಾಳೆಲೆ ಹಾಸಿ ಬಡಿಸತೊಡಗಿದರು. ಮೊದಲನೆಯ ದಿನ ತುಂಡುಗಳು ಕೆಂಪಗೆ ಕಂಡವು. ಅತ್ತೆ ಓಡಿಬಂದರು.

“ಎಂತ ಹಾಕಿದ್ರಿ ಅದ್ಕೆ?”

“ಒಂಚೂರ್ ಮಸಾಲೆ. ಸಪ್ಪೆ ಹ್ಯಾಂಗ್ ತಿಂತ್ ಅದ್?”

“ಅದ್ ಹುಟ್ಟಿದ್ದಾಗಿಂದ ಸಪ್ಪೆಯೇ ತಿಂಬುದ್! ಹುಚ್ಚ್ ಹೈಲ್ ಮಾಡ್ಬೇಡಿ, ತೊಳ್ದ್ ಹಾಕಿ!”

ತೊಳೆದು ಹಾಕಿದ ಮೇಲೆ ಗರುಡ ಇಳಿದು ಬಂತು. ತಲೆಯನ್ನು ಪೂರ್ತಿ ಒಂದು ಬದಿಗೆ ಮಲಗಿಸಿ, ಕೊಕ್ಕಿನ ಸಂದಿಯಿಂದ ಒಂದು ತುಂಡನ್ನು ಹೇಗೋ ಒಳಗೆ ಜಾರಿಸಿತು. ಒಂದು ತುಂಡು ಒಳಗೆ, ಮೂರು ಹೊರಗೆ. ಆ ಹೊರಗೆ ಬಿದ್ದದ್ದಕ್ಕೆ ಕಾಗೆಗಳ ದಂಡು! ಕಾಗೆ ಓಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕಲಾವಿದ, ಕಲ್ಲು ಹೊಡೆಯುವುದು ನನ್ನ ಘನತೆಗೆ ತಕ್ಕದ್ದಲ್ಲ. ಕಡಲ ಹದ್ದಿನ ಕೂಗನ್ನು ಅಭ್ಯಾಸ ಮಾಡಿ, ಬಾವಿಕಟ್ಟೆಯ ಮರೆಯಿಂದ ಎದೆ ತುಂಬಿ ಕೂಗಿದೆ. ಕಾಗೆಗಳು ಹೋಗಲಿಲ್ಲ. ಆಚೆ ಮನೆಯ ಕಾಗೆಗಳೂ ಬಂದವು. ಗರುಡ ನನ್ನನ್ನು ಒಂದು ಬಗೆಯಲ್ಲಿ ನೋಡಿತು. ನನ್ನ ಮೂಗನ್ನು ನೋಡಿ, ಇವನದ್ದೂ ನನ್ನದೇ ಕಾಯಿಲೆ ಪಾಪ, ಎಂದುಕೊಂಡಿರಬೇಕು!

ಇಷ್ಟು ಮಾಡಿದರೂ ಗರುಡ ಸೋಲುತ್ತಿತ್ತು. ಕೊಕ್ಕು ಇನ್ನೂ ಉದ್ದವಾಗುತ್ತಿತ್ತು. ಗರಿ ತಿದ್ದಿಕೊಳ್ಳುವುದಕ್ಕೂ ಕೊಕ್ಕು ಬೇಕಲ್ಲ? ಅದೂ ಆಗದೆ ಬಿಳಿ ಎದೆ ಮಾಸಿದ ಒರೆಸುಬಟ್ಟೆಯಂತಾಗಿತ್ತು. ತೆಂಗಿನ ಹೆಡೆಯಿಂದ ಬಾವಿಕಟ್ಟೆಗೆ ಇಳಿಯುವುದೂ ಬರಬರುತ್ತ ಹಾರಿದಂತಿರದೆ ಬಿದ್ದಂತೆ ಕಾಣುತ್ತಿತ್ತು.

ಮಾವ ಒಂದು ಮಧ್ಯಾಹ್ನ ಮೀನಿನ ಈಜುರೆಕ್ಕೆ ಕತ್ತರಿಸುವ ಕತ್ತರಿ ಹಿಡಿದು ಹಿತ್ತಿಲಿಗೆ ಹೊರಟರು.

“ಎಲ್ಲಿಗೆ ಮಾವಾ?”

“ಉಗುರ್ ತೆಗೀತಿಲ್ಯಾ ನಾವ್? ಹಾಂಗೇ. ಒಂದ್ ನಿಮಿಷದ್ ಕೆಲ್ಸ.”

ಬೈರಾಸನ್ನು ಗರುಡನ ಮೇಲೆ ಬೀಸಿ ಹಾಕಿದ್ದಷ್ಟೇ ಮಾವನ ಪಾಲಿನ ಕೆಲಸ. ಉಳಿದದ್ದನ್ನು ಗರುಡ ಮಾಡಿತು. ಕೊಕ್ಕು ಓರೆಯಾಗಿತ್ತೇ ಹೊರತು ಕಾಲಿನ ಉಗುರಿಗೆ ಏನೂ ಆಗಿರಲಿಲ್ಲ! ಕತ್ತರಿ ಬಾವಿಗೆ, ಗರುಡ ಮರಕ್ಕೆ, ಮಾವ ನನ್ನ ಬೈಕಿನ ಹಿಂದೆ ಆಸ್ಪತ್ರೆಗೆ.

ಅಲ್ಲಿಯ ಡಾಕ್ಟರು ಗಾಯ ನೋಡಿ ಕೇಳಿದರು, “ಎಂತ, ನಾಯಿ ಕಚ್ಚಿದ್ದಾ?”

“ಅಲ್ಲ, ಗರುಡ ಹಿಡ್ಕಂಡದ್ದ್.”

ಡಾಕ್ಟರು ಸೂಜಿ ಕೆಳಗಿಟ್ಟು, ಮಾವನ ಕೈಗೊಮ್ಮೆ ನಮಸ್ಕಾರ ಮಾಡಿ, ಆಮೇಲೆ ಚುಚ್ಚಿದರು.

ಈಗ ನೋಡಿ ಊರಿನ ನ್ಯಾಯ! ಗರುಡ ಮೀನು ಬಿಟ್ಟಾಗ ದೋಷ, ಮಾವನ ಕೈ ಹರಿದಾಗ ಅನುಗ್ರಹ. ಗರುಡ ಹಿಡಿದ ಕೈಯಿಂದ ಬಡಿಸಿಕೊಳ್ಳಬೇಕೆಂದು ಜನ ಸಾಲು ಹಿಡಿದರು. ಬ್ರಹ್ಮಾವರದಿಂದ ಬಂದರು, ಬೈಂದೂರಿನಿಂದ ಬಂದರು. ಬ್ಯಾಂಡೇಜು ಮುಟ್ಟಿ ಕಣ್ಣಿಗೊತ್ತಿಕೊಂಡ ಅಜ್ಜಿಯೊಬ್ಬರು “ಅರಿಶಿನದ ಪರಿಮಳ ಬತ್ತಿತ್ತ್” ಅಂದರು. ಅದು ಬಂಗುಡೆ ಮಸಾಲೆಯ ಪರಿಮಳ ಎಂದು ನಾನು ಹೇಳಹೊರಟರೆ ಅತ್ತೆ ನನ್ನ ಕಾಲು ತುಳಿದರು. ಮೂಲೆಯ ತವಾ ಮತ್ತೆ ಕೆಂಪಗಾಯಿತು.

ಹೋಟೆಲು ತುಂಬಿ ತುಳುಕುವ ಆ ಹೊತ್ತಿನಲ್ಲಿ ಮಾವ ನನ್ನನ್ನು ಕರೆದು, ಹಕ್ಕಿಗಳನ್ನು ನೋಡುವ ಸರ್ಕಾರದವರು ಯಾರು, ಅವರಿಗೆ ಫೋನು ಮಾಡು ಎಂದರು. ಸುಬ್ಬಣ್ಣನಿಗೆ ಗಾಬರಿಯಾಯಿತು.

“ಎಂತ ಮರಾಯ್ರೆ, ಬಂದ ಲಕ್ಷ್ಮಿಯನ್ನ ಜೀಪಿಗೆ ಹತ್ಸಿ ಕಳ್ಸ್ತ್ರ್ಯಾ? ಗರುಡ ಹೋದ್ರೆ ಗಿರಾಕಿಯೂ ಹೋತ್ರ್!”

“ಹೋತ್ರೆ ಹೋಯ್ಲಿ” ಅಂದರು ಮಾವ. “ಇವ್ರೆಲ್ಲ ಉಂಬ್ದನ್ನ್ ಅದ್ ಮೇಲೆ ಕೂಕಂಡ್ ಕಾಂತಾ ಇತ್ತ್ ಸುಬ್ಬಣ್ಣ. ನಂಗೆ ಬಡ್ಸುಕೆ ಕೈ ಬತ್ತಿಲ್ಲೆ.”

ಮಾವನ ಬಾಯಲ್ಲಿ ಅಂಥ ಮಾತು ನಾನು ಕೇಳಿರಲಿಲ್ಲ. ಫೋನು ಮಾಡಿದೆ.

ಅರಣ್ಯ ಇಲಾಖೆಯ ಇಬ್ಬರು ಬಲೆ ಹಿಡಿದು ಬಂದರು. ಅವರ ಜೊತೆ ಒಬ್ಬರು ಪಶುವೈದ್ಯೆ, ಘಟ್ಟದ ಮೇಲಿನ ಕಡೆಯ ಹುಡುಗಿ. ಗರುಡನನ್ನು ಹಿಡಿಯಲು ಅರ್ಧ ದಿನವಾದರೂ ಬೇಕು ಎಂದುಕೊಂಡು ನಾವೆಲ್ಲ ಜಾಗ ಮಾಡಿಕೊಂಡು ನಿಂತಿದ್ದೆವು. ಬಾಳೆಲೆಯ ಹತ್ತಿರ ಕುಳಿತದ್ದು ಏಳಲೇ ಇಲ್ಲ. ಬಲೆ ಬಿತ್ತು, ಮುಗಿಯಿತು. ಅಷ್ಟು ಸುಲಭವಾಗಿ ಹಿಡಿದದ್ದಕ್ಕೆ ಸುಬ್ಬಣ್ಣ ಚಪ್ಪಾಳೆ ತಟ್ಟಿದ. ಮಾವ ಅವನ ಕೈ ಹಿಡಿದು ನಿಲ್ಲಿಸಿದರು.

ಡಾಕ್ಟರಮ್ಮ ಕೊಕ್ಕನ್ನು ತಿರುಗಿಸಿ ನೋಡಿ ವಿವರಿಸಿದರು. “ಕೊಕ್ಕು ನಮ್ಮ ಉಗುರಿನ ಥರ ಬೆಳೀತಾನೇ ಇರುತ್ತೆ ಸರ್. ಹರಿದು ತಿಂದು, ಕೊಂಬೆಗೆ ತಿಕ್ಕಿ ಸವೀಬೇಕು. ಮೇಲಿನದೂ ಕೆಳಗಿನದೂ ಕೂಡದೆ ಹೋದ್ರೆ ಸವೆಯೋದಿಲ್ಲ, ಉದ್ದ ಆಗ್ತಾ ಹೋಗುತ್ತೆ.”

“ಎಂತಕೆ ಹೀಂಗ್ ಆಯ್ತ್?”

“ಎಲ್ಲಿಗಾದ್ರೂ ಬಡಿದು ಪೆಟ್ಟಾಗಿರಬಹುದು. ಕಾಯಿಲೆ ಇರಬಹುದು. ಆಹಾರದ ಕೊರತೆಯಿಂದಲೂ ಆಗಬಹುದು. ಇಂಥದ್ದೇ ಅಂತ ಹೇಳೋಕಾಗಲ್ಲ.”

“ಆಹಾರದ್ ಕೊರತೆಯಾ!” ಮಾವ ಸೆಟೆದು ನಿಂತರು. “ಡಾಕ್ಟ್ರೇ, ಅದೊಂದ್ ಬರೀಬೇಡಿ. ನಮ್ಮಲ್ಲಿ ಅದ್ಕೆ ಕಾಣೆ ಹಾಕಿದ್ದಿತ್ತ್!”

ಡಾಕ್ಟರಮ್ಮ ನಕ್ಕರು. ಆಮೇಲೆ ನಗದೆ ಹೇಳಿದರು. ಕೊಕ್ಕನ್ನು ಕತ್ತರಿಸಿ, ಉಜ್ಜಿ, ಸರಿ ಮಾಡಬಹುದು. ಆದರೆ ಹಕ್ಕಿ ತುಂಬ ಸೊರಗಿದೆ, ಉಳಿಯುತ್ತದೆ ಎಂದು ಮಾತು ಕೊಡಲಾಗದು. ಉಳಿದರೂ ಕೊಕ್ಕು ಮತ್ತೆ ಓರೆಯಾಗಿ ಬೆಳೆಯಬಹುದು. ಇನ್ನೂ ಒಂದು ಮಾತು. “ಗುಣವಾದ್ರೆ ಇಲ್ಲೇ ತಂದು ಬಿಡ್ತೀವಿ. ಬಿಟ್ಟ ಮೇಲೆ ನೀವು ಊಟ ಹಾಕಬಾರದು ಸರ್. ಒಂದು ತುಂಡೂ ಹಾಕಬಾರದು. ಅದು ತಾನೇ ಹಿಡಿದು, ತಾನೇ ಹರಿದು ತಿನ್ನಬೇಕು. ಹಾಗೆ ತಿಂದ್ರೆ ಮಾತ್ರ ಅದು ಬದುಕಿದ ಹಾಗೆ.”

ಇದನ್ನು ಯಾರಿಗೆ ಹೇಳುತ್ತಿದ್ದಾರೆ ಎಂದು ಪಾಪ ಅವರಿಗೆ ಗೊತ್ತಿಲ್ಲ! ಮೀನಿಗೆ ಈಜಬೇಡ ಅಂದ ಹಾಗೆ. ಮಾವ ಒಳಗೆ ಹೋಗಿ, ಸಣ್ಣಗೆ ತುಂಡು ಮಾಡಿದ ಮೀನನ್ನು ಬಾಳೆಲೆಯಲ್ಲಿ ಕಟ್ಟಿ ತಂದು ಜೀಪಿನಲ್ಲಿಟ್ಟರು. “ದಾರಿಗೆ” ಅಂದರು.

ಅಂದಿನಿಂದ ಡಾಕ್ಟರಮ್ಮನಿಗೆ ದಿನಾ ಫೋನು. ಶಸ್ತ್ರಕ್ರಿಯೆ ಹೇಗಾಯಿತು, ಗಾಯ ಒಣಗಿತೇ, ಹಾರುತ್ತದೆಯೇ, ಇಂಥ ಪ್ರಶ್ನೆಯೇ ಇಲ್ಲ. ಒಂದೇ ಮಾತು: “ಉಂಡ್ತಾ?” ಮೊದಮೊದಲು ಅವರು “ಹಲೋ, ಯಾರು?” ಎನ್ನುತ್ತಿದ್ದರು. ಆಮೇಲೆ ಫೋನು ಎತ್ತಿದ ಕೂಡಲೇ “ಉಂಡಿದೆ ಸರ್” ಎನ್ನತೊಡಗಿದರು. ಒಂದು ದಿನ ಅವರ ಮನೆಯವರ ಫೋನಿಗೂ ಹಾಗೇ ಹೇಳಿಬಿಟ್ಟರಂತೆ. ಆ ಕಡೆಯಿಂದ ಅವರ ಅತ್ತೆ, “ನಿನ್ನ ಊಟ ನಾನು ಕೇಳಿಯೇ ಇಲ್ಲವಲ್ಲಮ್ಮಾ” ಅಂದರಂತೆ!

ಗರುಡ ಉಳಿಯಿತು. ಡಬ್ಬದಲ್ಲಿ ಕೂರಿಸಿಕೊಂಡು ಬಂದು ನಮ್ಮ ಹಿತ್ತಿಲಲ್ಲೇ ಬಾಗಿಲು ತೆರೆದರು. ಕೊಕ್ಕು ಚೊಕ್ಕವಾಗಿತ್ತು, ಎದೆ ಬೆಳ್ಳಗಾಗಿತ್ತು. ಹೊರಗೆ ಬಂದದ್ದು ಯಾರನ್ನೂ ನೋಡಲಿಲ್ಲ. ತೆಂಗಿನಮರಗಳ ಮೇಲಿಂದ ಒಂದು ಸುತ್ತು ಹಾಕಿ ಹೊಳೆಯ ಕಡೆಗೆ ಹೋಯಿತು.

“ಬಿಲ್ಲೂ ಕೊಡ್ಲಿಲ್ಲೆ, ಬತ್ತೆ ಅಂದ್ಹೇಳೂ ಇಲ್ಲೆ” ಎಂದು ನಾನು ನಗಿಸಲು ನೋಡಿದೆ. ಮಾವ ನಗಲಿಲ್ಲ.

ಅದು ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮಾವ ಡಾಕ್ಟರಮ್ಮನ ಮಾತಿಗೆ ಕಟ್ಟುಬಿದ್ದು ಬಾಳೆಲೆ ಹಾಸಲಿಲ್ಲ. ಹಿತ್ತಿಲಿನ ಬಾಗಿಲಲ್ಲಿ ನಿಲ್ಲುವರು, ಮರ ನೋಡುವರು, ಒಳಗೆ ಬರುವರು. ಹೊಳೆಯಲ್ಲಿ ಮೀನು ಹಿಡಿಯಲು ಆಯಿತೋ ಇಲ್ಲವೋ, ಹಿಡಿದರೂ ಹರಿಯಲು ಆಯಿತೋ ಇಲ್ಲವೋ, ಫೋನು ಮಾಡಿ ಕೇಳೋಣವೆಂದರೆ ಈಗ ಯಾರನ್ನು ಕೇಳುವುದು? ಒಂದು ಮಧ್ಯಾಹ್ನ ಸುಬ್ಬಣ್ಣ ಗಲ್ಲಾದ ಮುಂದೆ ಬಂದು ನಿಂತ.

“ಹ್ವಾಯ್, ನಾನ್ ಅರ್ಧ ಮೀನ್ ಬಿಟ್ಟಿದೆ.”

“ಹ್ಞೂಂ” ಅಂದರು ಮಾವ.

“ಬೇಕಂದೇ ಬಿಟ್ಟದ್ದ್. ಬಯ್ತಿಲ್ರ್ಯಾ?”

ಮಾವ ಅವನ ಬಟ್ಟಲಿನ ಕಡೆಗೆ ನೋಡಲೂ ಇಲ್ಲ. ಸುಬ್ಬಣ್ಣ ನನ್ನ ಮುಖ ನೋಡಿದ. ಹಿಂದೆ ಹೋಗಿ ಕುಳಿತು, ಬಿಟ್ಟದ್ದನ್ನು ತಾನೇ ತಿಂದು ಮುಗಿಸಿದ.

ಮತ್ತೊಂದು ದಿನ, ಹೋಟೆಲು ತುಂಬಿರುವ ಹೊತ್ತು. ಕೈತೊಳೆಯಲು ಹೋದವರ್ಯಾರೋ ಹಿತ್ತಿಲಿನಿಂದ ಕೂಗಿದರು. ಉಣ್ಣುತ್ತಿದ್ದವರೆಲ್ಲ ಎಂಜಲು ಕೈಯಲ್ಲೇ ಎದ್ದು ಓಡಿದೆವು. ಕೊನೆಯ ತೆಂಗಿನಮರದ ಹೆಡೆಯ ಮೇಲೆ ಗರುಡ. ಕಾಲಡಿಯಲ್ಲಿ ಒಂದು ಮೀನು. ನಮ್ಮ ಹೋಟೆಲಿನದ್ದಲ್ಲ, ಹೊಳೆಯದ್ದು, ಇನ್ನೂ ಬಾಲ ಆಡಿಸುತ್ತಿತ್ತು. ಗರುಡ ಬಗ್ಗಿತು, ಕೊಕ್ಕು ಹಾಕಿ ಎಳೆಯಿತು, ಹರಿಯಿತು, ನುಂಗಿತು. ಮತ್ತೆ ಹರಿಯಿತು. ಯಾರೂ ಕೈಮುಗಿಯಲಿಲ್ಲ, ಯಾರೂ ಕಣ್ಣು ಮುಚ್ಚಲಿಲ್ಲ. ತಿಂದು ಮುಗಿಸಿ, ಕೊಕ್ಕನ್ನು ಹೆಡೆಯ ದಂಟಿಗೆ ಆ ಬದಿ ಒಮ್ಮೆ ಈ ಬದಿ ಒಮ್ಮೆ ಉಜ್ಜಿಕೊಂಡು, ಹೊಳೆಯ ಕಡೆಗೆ ಹಾರಿಹೋಯಿತು.

ತಿರುಗಿ ನೋಡಿದರೆ ಮಾವ ಅಲ್ಲಿರಲಿಲ್ಲ. ಒಳಗೆ ಬಂದೆವು. ಗಿರಾಕಿಗಳ ಬೆಂಚಿನ ತುದಿಯಲ್ಲಿ ಕುಳಿತಿದ್ದರು. ಬೈರಾಸು ಮಡಿಲಲ್ಲಿತ್ತು.

“ನಂಗೂ ಒಂದ್ ಊಟ ಹಾಕಿ. ಹಶು ಆತಿತ್ತ್” ಅಂದರು.

ನಾನು ಏನೋ ಹೇಳಹೊರಟೆ. ಅತ್ತೆ ನನ್ನ ತೋಳು ಹಿಡಿದು ಒಳಗೆಳೆದರು. “ಎಂತ ಕಾಂತಾ ನಿಂತ್ಕಂಡಿದ್ದೆ? ಬಟ್ಲ್ ತಕಂಡ್ ಬಾ. ಗರುಡನ್ನ ಬಿಟ್ಟ್ ಮೇಲೆ ಇವ್ರ್ ಮಧ್ಯಾಹ್ನ ಉಂಡದ್ದಿಲ್ಲೆ. ಕೇಂಡ್ರೆ, ಇನ್ನೊಂದ್ ಗಿರಾಕಿ ಉಂಡಾಯ್ಲಿಲ್ಲೆ ಅಂತ್ರ್.”

ಕುಚ್ಚಲಕ್ಕಿ ಅನ್ನ, ಮೀನಿನ ಗಸಿ, ಒಂದು ಬಂಗುಡೆ ಬಡಿಸಿದೆ. ಮಾವ ಮೀನಿಗೆ ಕೈಹಾಕಿದರು. ಬಿಡಿಸಲು ನೋಡಿದರು, ಬೆರಳು ಅಲ್ಲಲ್ಲೇ ತಡವರಿಸಿತು. ಕಣ್ಣು ತುಂಬಿ ಅವರಿಗೆ ಮುಳ್ಳು ಕಾಣುತ್ತಿರಲಿಲ್ಲ. ಒರೆಸಿಕೊಳ್ಳೋಣವೆಂದರೆ ಕೈಯೆಲ್ಲ ಮಸಾಲೆ.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಎದುರಿನ ಬೆಂಚಿನಲ್ಲಿ ಕುಳಿತರು. ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡು, ಮುಳ್ಳು ತೆಗೆದು ತೆಗೆದು, ಒಂದೊಂದೇ ತುಂಡನ್ನು ಮಾವನ ಬದಿಗೆ ಸರಿಸತೊಡಗಿದರು.

ಮಾವ ಉಣ್ಣುತ್ತಿದ್ದರು.